ಮನೆಯವರದ್ದು ಕೊನೆಗೆ

ಅಪ್ಪ ಅಮ್ಮನ ಬಿಯರಿನ ಸಣ್ಣ ಪೀಪಾಯಿಗೆ ಕೈ ಹಚ್ಚಿ ಮೇಜಿನ ಆ ತುದಿಗೆ ಎಳೆಯಲು ನೋಡಿದಾಗ ಮಗಳು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಅಮ್ಮನನ್ನು ಮಣ್ಣು ಮಾಡಿ ಬಂದು ಇಬ್ಬರೂ ಇನ್ನೂ ಬಟ್ಟೆ ಬದಲಾಯಿಸಿರಲಿಲ್ಲ. ಅಪ್ಪನ ಬೂಟಿನ ಅಂಚಿಗೆ ಅಲ್ಲಿಯ ಕೆಸರು ಹಾಗೇ ಮೆತ್ತಿಕೊಂಡಿತ್ತು.

"ಇದು ಮೊದಲು ಬರತ್ತೆ ಅಪ್ಪ," ಎಂದಳು.

"ಯಾವತ್ತೂ ಬಂದಿಲ್ಲ."

"ಗೊತ್ತು. ಇವತ್ತು ಬರಲಿ."

"ಜನ ಹೊರಗೆ ಕಾಯ್ತಿದ್ದಾರೆ. ಇವತ್ತೇ ಹಟ ಮಾಡಬೇಕಾ ನೀನು?"

ಅದು ಅವರ ಬಿಯರು ಕಾರ್ಖಾನೆಯದೇ ಪದ್ಧತಿ. ಅಲ್ಲಿ ದುಡಿದವರು ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಹೋಗಿಬಂದವರು ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ನಿಂತು, ಅಲ್ಲಿ ತಯಾರಾಗುವ ನಾಲ್ಕೂ ಬಿಯರನ್ನು ಒಂದೊಂದಾಗಿ ಕುಡಿದು ಹೋಗಬೇಕು. ಭಾಷಣ, ಹೂವು, ಫೋಟೋ ಯಾವುದೂ ಇಲ್ಲ. ಹಳದಿ, ಕೆಂಪು, ಕಪ್ಪು, ಈ ಮೂರೂ ಅಪ್ಪನವು. ಕಪ್ಪು ಬಿಯರು ಅವರ ಹೆಮ್ಮೆ. ಕಹಿಯೆಂದರೆ ಅದರದ್ದು ಕಿವಿಯವರೆಗೂ ಹತ್ತುವ ಕಹಿ. ನಾಲ್ಕನೆಯದು ಅಮ್ಮ ಮಾಡುತ್ತಿದ್ದ ಗೋಧಿ ಬಿಯರು. ಅದು ಯಾವಾಗಲೂ ಕಪ್ಪಿನ ಹಿಂದೆ, ಸಾಲಿನ ತುದಿಯಲ್ಲಿ ನಿಲ್ಲುತ್ತಿತ್ತು.

ಚಿಕ್ಕಮ್ಮ ಗ್ಲಾಸುಗಳ ತಟ್ಟೆ ಹಿಡಿದು ಒಳಗೆ ಬಂದಳು. ಅಮ್ಮನ ತಂಗಿ ಅವಳು. ಅತ್ತು ಅತ್ತು ಮುಖ ಊದಿಕೊಂಡಿದ್ದರೂ ಬಾಯಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು.

"ಏನು ಭಾವ, ಸತ್ತ ಮೇಲೂ ಅಕ್ಕನ್ನ ಹಿಂದಕ್ಕೆ ತಳ್ತಿದ್ದೀರಾ?"

ಅಪ್ಪ ಪೀಪಾಯಿಯಿಂದ ಕೈ ತೆಗೆದರು.

* * *

ಬಿಯರನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ಮಗಳಿಗೆ ಕಲಿಸಿದ್ದು ಅಪ್ಪನೇ. ಆಗ ಅವಳಿನ್ನೂ ಹೈಸ್ಕೂಲು. ಮೂಸಿ ನೋಡಬಹುದಿತ್ತು, ಕುಡಿಯುವಂತಿರಲಿಲ್ಲ. ತಿಂಗಳಿಗೊಮ್ಮೆ ಹೋಟೆಲು, ಅಂಗಡಿಯವರೆಲ್ಲ ರುಚಿ ನೋಡಲು ಬಂದಾಗ ಅವಳು ಅಪ್ಪನ ಪಕ್ಕದಲ್ಲಿ ನಿಂತು ಗ್ಲಾಸು ಜೋಡಿಸುತ್ತಿದ್ದಳು.

"ನಾಲಿಗೆಗೆ ಜ್ಞಾಪಕಶಕ್ತಿ ಜಾಸ್ತಿ," ಎಂದು ಅಪ್ಪ ಹೇಳಿಕೊಟ್ಟಿದ್ದರು. "ಅದಕ್ಕೇ ಮೊದಲು ತೆಳು, ಆಮೇಲೆ ಗಟ್ಟಿ. ಮೊದಲು ಮೆದು, ಆಮೇಲೆ ಕಹಿ. ಒಂದು ಸಲ ಕಹಿ ಹತ್ತಿತು ಅಂದ್ರೆ ಮುಗೀತು. ಆಮೇಲೆ ಅಮೃತ ಕೊಟ್ರೂ ಕೊಳಾಯಿ ನೀರೇ."

ಮಗಳು ಮೇಜಿನ ಮೇಲಿನ ಸಾಲನ್ನು ನೋಡಿದಳು. ಅಪ್ಪನನ್ನೂ ನೋಡಿದಳು.

"ಹಾಗಾದ್ರೆ ಅಮ್ಮಂದು ಯಾಕೆ ಕಪ್ಪಾದ ಮೇಲೆ?"

ಮಕ್ಕಳು ಕೇಳುವ ಪ್ರಶ್ನೆಗೆ ದೊಡ್ಡವರು ಮಕ್ಕಳಿಗೆ ಉತ್ತರ ಹೇಳುವುದಿಲ್ಲ. ಅಪ್ಪ ನೆರೆದವರ ಕಡೆ ತಿರುಗಿ, "ಬಂದವರದ್ದೆಲ್ಲ ಆಗಲಿ. ಮನೆಯವರದ್ದು ಕೊನೆಗೆ ತಾನೆ?" ಎಂದರು. ಎಲ್ಲರೂ ನಕ್ಕರು. ದೊಡ್ಡ ಹೋಟೆಲಿನ ಸಾಹುಕಾರ ಎಲ್ಲರಿಗಿಂತ ಜೋರಾಗಿ ನಕ್ಕ. ಅಮ್ಮನ ಬಿಯರಿಗೆ 'ಬಾಯಿ ತೊಳೆಯೋದು' ಎಂದು ಹೆಸರಿಟ್ಟವನೂ ಅವನೇ. ಕಪ್ಪು ಕುಡಿದ ಮೇಲೆ, "ಎಲ್ಲಿ, ಆ ಬಾಯಿ ತೊಳೆಯೋದನ್ನ ಹಾಕಿ, ಮನೆಗೆ ಹೋಗೋಣ," ಎನ್ನುತ್ತಿದ್ದ.

ಬ್ರೆಡ್ಡಿನ ಚೂರುಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನೂ ನಕ್ಕಳು. ಮಾತು ಮುಗಿಯುವ ಮೊದಲೇ, ಉಳಿದವರಿಗಿಂತ ಮುಂಚೆಯೇ ನಕ್ಕಿದ್ದಳು. ತಾನು ನಕ್ಕುಬಿಟ್ಟರೆ ಮಿಕ್ಕವರ ನಗು ಅಷ್ಟು ತಾಗುವುದಿಲ್ಲ ಎಂದುಕೊಂಡಿದ್ದಳೋ ಏನೋ.

* * *

ಅಮ್ಮನ ಕೆಲಸಕ್ಕೆ ಲೆಕ್ಕವಿರಲಿಲ್ಲ. ಬಾಟಲಿ ತೊಳೆಯುವುದು, ಕೆಲಸದವರಿಗೆ ಬೇಯಿಸಿ ಹಾಕುವುದು, ಅಪ್ಪ ಸಿಡುಕಿ ಓಡಿಸಿದವರನ್ನು ಮಾರನೆಯ ದಿನ ಸಮಾಧಾನ ಮಾಡಿ ಕರೆತರುವುದು. ಭಾನುವಾರ ದೊಡ್ಡ ಪಾತ್ರೆಗಳು ತಣ್ಣಗಾದ ಮೇಲೆ ಮೂಲೆಯ ಸಣ್ಣ ಪಾತ್ರೆಯಲ್ಲಿ ತನ್ನ ಗೋಧಿಯನ್ನು ಕುದಿಸುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ಏನು ಹಾಕುತ್ತಾಳೆ, ಯಾವಾಗ ಇಳಿಸುತ್ತಾಳೆ ಎಂದು ಯಾರೂ ಕೇಳಲೂ ಇಲ್ಲ.

ಒಂದು ಸಲ ಹೊರಗಿನಿಂದ ದೊಡ್ಡ ಗಿರಾಕಿಯೊಬ್ಬರು ಬರುವವರಿದ್ದರು. ನಾನಾ ಊರುಗಳಲ್ಲಿ ಹೋಟೆಲುಗಳಿದ್ದವರು. ಒಂದು ಬಿಯರು ಹಿಡಿಸಿದರೆ ಅವೆಲ್ಲಕ್ಕೂ ಅದೇ. ಬೆಳಿಗ್ಗೆ ಅಪ್ಪ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಅಮ್ಮ ಟವೆಲು ಹಿಡಿದು ಹಿಂದೆ ನಿಂತಳು.

"ರೀ, ಇವತ್ತೊಂದು ದಿನ ನಂದನ್ನ ಮೊದಲು ಇಡ್ತೀರಾ?"

ಜೀವನದಲ್ಲಿ ಅವಳು ಅದನ್ನು ಕೇಳಿದ್ದು ಅದೊಂದೇ ಸಲ. ಅಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿ, "ನೋಡೋಣ," ಎಂದರು.

ಗಿರಾಕಿ ಬಂದಾಗ ಮೇಜಿನ ಮೇಲೆ ಎಂದಿನ ಸಾಲೇ ಇತ್ತು. ಅವರು ಹಳದಿಗೆ ತಲೆಯಾಡಿಸಿದರು, ಕೆಂಪಿಗೆ ಹುಬ್ಬೇರಿಸಿದರು, ಕಪ್ಪಿಗೆ ಕಣ್ಣು ಮುಚ್ಚಿಕೊಂಡರು. ಅಮ್ಮನದ್ದನ್ನು ಒಂದು ಗುಟುಕು ಕುಡಿದು, ಏನಾದರೂ ಹೇಳಬೇಕಲ್ಲ ಎಂದು, "ಇದು ತಂಪಾಗಿದೆ," ಎಂದರು. ಕಪ್ಪಿಗೆ ಅಲ್ಲೇ ವ್ಯಾಪಾರದ ಮಾತಾಯಿತು. ಅಪ್ಪ ಅವರನ್ನು ಕಾರಿನವರೆಗೆ ಬಿಡಲು ಹೋದರು.

ಗ್ಲಾಸು ತೊಳೆಯುತ್ತಿದ್ದ ಅಮ್ಮನ ಬಳಿ ಹೋಗಿ ಮಗಳು, "ನೀನೇ ಬಂದು ಹೇಳಬೇಕಿತ್ತು," ಎಂದಳು.

"ಏನಂತ? ನಂದನ್ನ ಮೊದಲು ಕುಡೀರಿ ಅಂತಲಾ?" ಅಮ್ಮ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. "ಹೇಳಿಸಿಕೊಂಡು ಕುಡಿದ್ರೆ ಅದು ರುಚಿ ಅಲ್ಲ, ಮುಲಾಜು."

ಮುಂದಿನ ಭಾನುವಾರ ಮತ್ತೆ ಗೋಧಿ ಕುದಿಸಿದಳು. ಅದರ ಮುಂದಿನ ಭಾನುವಾರವೂ. ಹಾಗೆ ವರ್ಷಗಳು ಕಳೆದವು. ಮೊನ್ನೆ ಪೀಪಾಯಿ ತುಂಬಿಸಿ, ಬಿರಡೆ ಹಾಕಿ, ಪಾತ್ರೆ ತೊಳೆಯಲು ಬಗ್ಗಿದವಳು ಮೇಲೇಳಲಿಲ್ಲ.

* * *

ಜನ ಒಳಗೆ ಬಂದು ಮೇಜಿನ ಸುತ್ತ ನಿಂತರು. ಮಗಳು ಸಣ್ಣ ಪೀಪಾಯಿಯ ನಲ್ಲಿ ತಿರುಗಿಸಿ ಎಲ್ಲರಿಗೂ ಹಾಕಿಕೊಟ್ಟಳು. ಅಪ್ಪನ ಪಾಲಿನ ಗ್ಲಾಸನ್ನು ಅವರ ಮುಂದಿಟ್ಟಳು. ಅವರು ಮುಟ್ಟಲಿಲ್ಲ.

ಹೋಟೆಲಿನ ಸಾಹುಕಾರನ ಮೀಸೆ ಈಗ ನರೆತಿತ್ತು. ಮೊದಲಿಗೆ ಬರುವುದು ಹಳದಿ ಎಂದೇ ತಿಳಿದಿದ್ದ ಅವನು ಗ್ಲಾಸು ಎತ್ತಿ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಹಣ್ಣಾದ ಬಾಳೆಯ ಘಮ, ಎಲ್ಲೋ ಒಂದು ಲವಂಗ ಮುರಿದಂತೆ ಸಣ್ಣ ಖಾರ, ಕೊನೆಯಲ್ಲಿ ಆಗಷ್ಟೇ ಬೀಸಿದ ಗೋಧಿಯ ಸಿಹಿ. ಅದನ್ನು ಹೆಸರಿಟ್ಟು ಹೇಳಲು ಅಲ್ಲಿ ಯಾರಿಗೂ ಬರಲಿಲ್ಲ, ಆದರೆ ಯಾರೂ ಗ್ಲಾಸು ಕೆಳಗಿಡಲಿಲ್ಲ.

"ಇದ್ಯಾವುದು ತಾಯಿ? ಹೊಸದಾ?" ಎಂದು ಸಾಹುಕಾರ ಕೇಳಿದ.

"ಇಲ್ಲ. ನೀವೇ ಹೆಸರಿಟ್ಟಿದ್ದು. ಬಾಯಿ ತೊಳೆಯೋದು."

ಅವನು ಗ್ಲಾಸನ್ನೇ ನೋಡಿದ. ಮೀಸೆಗೆ ಅಂಟಿದ ನೊರೆಯನ್ನು ಒರೆಸಿಕೊಳ್ಳುವುದನ್ನೂ ಮರೆತಿದ್ದ.

"ಇಷ್ಟು ವರ್ಷ ನಮಗೆ ಯಾಕೆ ಕೊಡಲಿಲ್ಲ ಯಜಮಾನ್ರೇ ಇದನ್ನ?"

"ಕೊಟ್ಟಿದ್ದಾರೆ," ಎಂದಳು ಚಿಕ್ಕಮ್ಮ. "ನೀವು ತೊಳ್ಕೊಂಡ್ರಿ."

ಆಮೇಲೆ ಗ್ಲಾಸುಗಳು ಒಂದೊಂದಾಗಿ ಮತ್ತೆ ಪೀಪಾಯಿಯ ಕಡೆ ಬಂದವು. ಸಾವಿನ ಮನೆಯಲ್ಲಿ ಎರಡನೇ ಸಲ ಕೇಳಲು ನಾಚಿಕೆ, ಆದರೂ ಕೇಳಿದರು. ಸ್ವಲ್ಪ ಹೊತ್ತಿಗೆ ನಲ್ಲಿ ಗೊರಗೊರ ಎಂದು ಬರೀ ನೊರೆ ಉಗುಳಿತು. ಮಗಳು ಪೀಪಾಯಿಯನ್ನು ಓರೆ ಮಾಡಿದಳು. ಒಂದು ಹನಿಯೂ ಇರಲಿಲ್ಲ.

"ನಮ್ಮ ಹೋಟೆಲಿಗೆ ಇದನ್ನೇ ಕಳಿಸಿಬಿಡಿ," ಎಂದ ಸಾಹುಕಾರ. "ಇನ್ನು ಮುಂದೆ ಮಾಡೋರು ಯಾರು?"

ಅಪ್ಪ ಮಗಳನ್ನು ನೋಡಿದರು. ಮಗಳು ತಲೆ ತಗ್ಗಿಸಿದಳು. ಅವಳು ಕಲಿತಿದ್ದೆಲ್ಲ ಅಪ್ಪನ ದೊಡ್ಡ ಪಾತ್ರೆಗಳ ಹತ್ತಿರ. ಅಮ್ಮನ ಮೂಲೆಗೆ ಹೋಗಿ ಒಂದು ದಿನವೂ ನಿಂತು ನೋಡಿರಲಿಲ್ಲ. ಅಡುಗೆಮನೆಯ ಕೆಲಸದ ಹಾಗೆ, ಅದು ಇದ್ದೇ ಇರುತ್ತದೆ ಎಂದುಕೊಂಡಿದ್ದಳು.

"ಯಾರೂ ಇಲ್ಲ," ಎಂದಳು.

ಹಳದಿ, ಕೆಂಪು, ಕಪ್ಪು ಸರದಿಯಂತೆ ಬಂದವು. ಜನ ಪದ್ಧತಿಗೆಂದು ತುಟಿಗೆ ಮುಟ್ಟಿಸಿ, ಅಪ್ಪನ ಕೈ ಹಿಡಿದು, ಚಿಕ್ಕಮ್ಮನಿಗೆ ತಲೆಬಾಗಿ ಹೊರಟರು. ಮೇಜಿನ ಮೇಲೆ ಕಪ್ಪು ಬಿಯರಿನ ಗ್ಲಾಸುಗಳು ತುಂಬಿದ್ದು ತುಂಬಿದ ಹಾಗೇ ಉಳಿದವು.

* * *

ಕೋಣೆಯಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು. ಅಪ್ಪನ ಮುಂದೆ ಅಮ್ಮನ ಬಿಯರು ಹಾಗೇ ಇತ್ತು. ನೊರೆ ಇಳಿದು ಗ್ಲಾಸಿನ ಅಂಚಿಗೆ ತೆಳ್ಳನೆ ಗೆರೆ ಕಟ್ಟಿತ್ತು.

"ಕುಡೀರಿ ಅಪ್ಪ. ಚಪ್ಪೆ ಆಗತ್ತೆ."

ಸಾಹುಕಾರ ಬೆರಗಾಗಿ ನಿಂತಾಗ ಉಳಿದವರೂ ಬೆರಗಾಗಿದ್ದರು. ಅಪ್ಪನ ಮುಖದಲ್ಲಿ ಮಾತ್ರ ಅದೇನೂ ಇರಲಿಲ್ಲ ಎಂಬುದು ಮಗಳಿಗೆ ಈಗ ಹೊಳೆಯಿತು.

"ನಿಮಗೆ ಗೊತ್ತಿತ್ತು," ಎಂದಳು.

"ಮೊದಲನೇ ಸಲ ಮಾಡಿದ ದಿನಾನೇ ಗೊತ್ತಾಯ್ತು." ಅಪ್ಪ ಬೂಟಿನ ಕೆಸರು ನೋಡುತ್ತ ಹೇಳಿದರು. "ಅವಳದ್ದನ್ನ ಒಂದು ಗ್ಲಾಸು ಕುಡಿದೆ. ಆಮೇಲೆ ನನ್ನ ಕಪ್ಪನ್ನ ಕುಡಿದೆ. ಸುಟ್ಟ ಬ್ರೆಡ್ಡು ತಿಂದ ಹಾಗಾಯ್ತು."

"ಅಮ್ಮ ಕೇಳಿದಳಾ, ಹೇಗಿದೆ ಅಂತ?"

"ಕೇಳಿದಳು."

"ಏನಂದ್ರಿ?"

"ಪರವಾಗಿಲ್ಲ ಅಂದೆ."

ಮಗಳಿಗೆ ಕೂಗಾಡಬೇಕೆನ್ನಿಸಿತು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದ ಅಮ್ಮನೇ ಇರಲಿಲ್ಲ. ಮಗಳು ಆ ಗ್ಲಾಸನ್ನು ಅಪ್ಪನ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು.

"ಇದೊಂದೇ ಉಳಿದಿರೋದು. ಈಗಲಾದ್ರೂ ಸರಿಯಾಗಿ ಕುಡೀರಿ."

"ನನ್ನ ಕೈಲಾಗಲ್ಲ ಮಗಾ," ಎಂದರು ಅಪ್ಪ.

ಪಕ್ಕದಲ್ಲಿ ಯಾರೋ ಬಿಟ್ಟುಹೋಗಿದ್ದ ಕಪ್ಪು ಬಿಯರಿನ ಗ್ಲಾಸನ್ನು ಎಳೆದುಕೊಂಡರು. ಬಾಯಿ ತುಂಬ ತುಂಬಿಕೊಂಡು, ನಾಲಿಗೆಯ ಮೂಲೆ ಮೂಲೆಗೂ ಕಹಿ ಹತ್ತುವಂತೆ ಹೊರಳಿಸಿ, ನಿಧಾನವಾಗಿ ನುಂಗಿದರು. ಇನ್ನೊಂದು ಗ್ಲಾಸನ್ನೂ ಹಾಗೆಯೇ ಮುಗಿಸಿದರು. ಆಮೇಲೆ ಅಮ್ಮನದ್ದನ್ನು ಕೈಗೆತ್ತಿಕೊಂಡು, ಬಾಯಿ ತೊಳೆಯುವವರ ಹಾಗೆ, ಒಂದೇ ಗುಟುಕಿಗೆ ಕುಡಿದುಬಿಟ್ಟರು.