ಎರಡು ಸಲ ತಪ್ಪಿದ ಸ್ಟಾಪು

ಆ ಕಾದಂಬರಿಕಾರ್ತಿ ಬರೆದದ್ದು ಐದು ಕಾದಂಬರಿ. ಐದೂ ಸೇರಿ ಸಾಯುವವರು ಇಬ್ಬರೇ. ಅವರೂ ಎಂಬತ್ತೆಂಬತ್ತು ಪುಟ ನರಳಿ. ವಿಮರ್ಶಕರು ಅವಳನ್ನು 'ಗಂಭೀರ ಲೇಖಕಿ' ಎಂದಿದ್ದರು. ಅವಳೂ ಅದನ್ನು ನಂಬಿ ಮುಖ ಬಿಗಿದುಕೊಂಡೇ ಓಡಾಡುತ್ತಿದ್ದಳು.

ಬೆನ್ನು ಹಿಡಿದುಕೊಂಡು ಮೂರು ವಾರ ಮಲಗಿದಾಗ ಎಲ್ಲ ಕೆಟ್ಟಿತು. ನರ್ಸಾಗಿದ್ದ ಅವಳ ಅಕ್ಕ ಒಂದು ಪತ್ತೇದಾರಿ ಕಾದಂಬರಿಯನ್ನು ದಿಂಬಿನ ಪಕ್ಕ ಎಸೆದು, "ಓದು, ನೋವು ಮರೆತುಹೋಗತ್ತೆ" ಅಂದಳು. ನೋವಷ್ಟೇ ಅಲ್ಲ, ಊಟ, ಫೋನು, ಅರ್ಧಕ್ಕೆ ನಿಂತ ಆರನೇ ಕಾದಂಬರಿ ಎಲ್ಲ ಮರೆತುಹೋಯಿತು. ಮೂರು ತಿಂಗಳಲ್ಲಿ ಮೂವತ್ತೊಂದು ಪುಸ್ತಕ. ವಿಷ, ಹಗ್ಗ, ಮೆಟ್ಟಿಲ ಮೇಲಿಂದ ನೂಕುವುದು. ಒಂದರಲ್ಲಂತೂ ದಪ್ಪ ನಿಘಂಟಿನಿಂದ ತಲೆಗೇ ಏಟು. ಗಂಡ ಕಾಫಿ ತಂದುಕೊಟ್ಟರೆ ಮೊದಲು ಮೂಸಿ ನೋಡುವ ಮಟ್ಟಕ್ಕೆ ಬಂದಿದ್ದಳು.

ಅಷ್ಟರಲ್ಲಿ ಗ್ರಂಥಾಲಯದಿಂದ ಕರೆ ಬಂತು. ಭಾಷಣದ ವಿಷಯ: 'ಇತ್ತೀಚಿನ ನನ್ನ ಓದು'. ಅವಳು ಐದು ಭಾರದ ಪುಸ್ತಕಗಳ ಪಟ್ಟಿ ಮಾಡಿಕೊಂಡಳು. ಅದರಲ್ಲಿ ಮೂರನ್ನು ಬಿಡಿಸಿಯೂ ನೋಡಿರಲಿಲ್ಲ.

ಆ ದಿನ ಮಧ್ಯಾಹ್ನ ಮೂರಕ್ಕೆ ಬಸ್ಸು ಹತ್ತಿದಳು. ಸಭೆ ನಾಲ್ಕಕ್ಕೆ. ಕೈಯಲ್ಲಿ ಮೂವತ್ತೆರಡನೆಯ ಪುಸ್ತಕ, ಉಳಿದದ್ದು ಐವತ್ತು ಪುಟ. ಸಾಹುಕಾರನೊಬ್ಬ ಕೋಟು ಹಾಕಿಕೊಂಡೇ ಸತ್ತು ಬಿದ್ದಿದ್ದ. ಅನುಮಾನ ಮೂವರ ಮೇಲೆ: ಅತ್ತಿಗೆ, ಅಣ್ಣನ ಮಗ, ಮನೆಯ ಡಾಕ್ಟರು. ಕಾದಂಬರಿಕಾರ್ತಿ ನೂರನೇ ಪುಟದಲ್ಲೇ ಅತ್ತಿಗೆಯನ್ನು ಹಿಡಿದುಹಾಕಿದ್ದಳು.

ಪುಟ ತಿರುಗಿಸಹೋದಾಗ ಪಕ್ಕದಿಂದ ಒಂದು ಬೆರಳು ಬಂದು ಹಾಳೆಯನ್ನು ಒತ್ತಿಹಿಡಿಯಿತು.

"ಸ್ವಲ್ಪ ತಡೀರಿ, ನಂದಿನ್ನೂ ಎರಡು ಸಾಲು ಇದೆ."

ಐವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಅಳತೆ ಟೇಪು, ಮಡಿಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಹೊಸ ಕೋಟು. ದರ್ಜಿ ಎಂದು ಕೇಳಬೇಕಾಗಿಯೇ ಇರಲಿಲ್ಲ.

"ನೀವು ಯಾವಾಗಿಂದ ಓದ್ತಿದೀರ?"

"ಆಸ್ಪತ್ರೆ ಸ್ಟಾಪಿಂದ. ಮೊದಲು ಏನಾಯ್ತು ಹೇಳ್ಬಿಡಿ ಬೇಗ."

ಕಾದಂಬರಿಕಾರ್ತಿ ಒಂದೇ ಉಸಿರಿಗೆ ಇನ್ನೂರು ಪುಟ ಹೇಳಿದಳು. ಆಮೇಲೆ ಇಬ್ಬರೂ ತಲೆಗೆ ತಲೆ ಹಚ್ಚಿ ಓದಿದರು. ಪತ್ತೇದಾರ ಕೋಟನ್ನು ಬೆಳಕಿಗೆ ಹಿಡಿದಿದ್ದ. ಕಿತ್ತುಹೋದ ಗುಂಡಿಯನ್ನು ಕೊಂದವರೇ ಮತ್ತೆ ಹೊಲಿದಿದ್ದರು. ಒಂದೊಂದು ಹೊಲಿಗೆಗೂ ಒಂದೊಂದು ಗಂಟು.

"ಅತ್ತಿಗೆ ಅಲ್ಲ," ಅಂದಳು ದರ್ಜಿ.

"ಅತ್ತಿಗೇನೇ. ಹೊಲಿಗೆ ಗೊತ್ತಿರೋದು ಆ ಮನೇಲಿ ಅವಳಿಗೊಬ್ಬಳಿಗೇ."

"ಹೊಲಿಗೆ ಗೊತ್ತಿರೋರು ಗುಂಡಿಗೆ ಕೊನೇಲಿ ಒಂದು ಗಂಟು ಹಾಕ್ತಾರೆ. ಹೊಲಿಗೆಗೊಂದು ಗಂಟು ಹಾಕೋದು ಚರ್ಮ ಹೊಲಿಯೋರು ಕಣ್ರೀ. ನನ್ನ ಹೊಟ್ಟೆ ಆಪರೇಷನ್ ಆದಾಗ ಎಣಿಸಿದೀನಿ, ಹದಿನಾಲ್ಕು ಹೊಲಿಗೆ, ಹದಿನಾಲ್ಕು ಗಂಟು. ಡಾಕ್ಟರೇ ಕೊಂದಿರೋದು!"

ಮೂವತ್ತೊಂದು ಪುಸ್ತಕ ಅರೆದು ಕುಡಿದವಳಿಗೆ ಮೈ ಉರಿಯಿತು. ವಾದ ಎಷ್ಟು ಜೋರಾಯಿತೆಂದರೆ, ಗ್ರಂಥಾಲಯದ ಸ್ಟಾಪು ದಾಟಿದ್ದು, ಬಸ್ಸು ಖಾಲಿಯಾದದ್ದು, ಇಂಜಿನ್ ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ.

"ಅಮ್ಮಾ, ಡಿಪೋ ಬಂತು," ಅಂದ ಕಂಡಕ್ಟರ್. ಪುಸ್ತಕದ ರಟ್ಟು ನೋಡಿ ಅವನ ಮುಖ ಅರಳಿತು. "ಅಯ್ಯೋ, ಇದಾ? ನಾನು ಓದಿದೀನಿ!"

"ಬಾಯಿ ಬಿಟ್ರೆ ನೋಡಿ!" ಇಬ್ಬರೂ ಒಟ್ಟಿಗೇ ಕೂಗಿದರು.

ಆದರೂ ಕಾದಂಬರಿಕಾರ್ತಿ ಅವನ ಮುಖವನ್ನೇ ನೋಡುತ್ತ, "ಅತ್ತಿಗೆ," ಅಂದಳು ಮೆಲ್ಲಗೆ. ದರ್ಜಿ, "ಡಾಕ್ಟರ್," ಅಂದಳು. ಕಂಡಕ್ಟರನ ಮೀಸೆ ಅದುರಿತು.

"ನನ್ನ ಮುಖ ನೋಡ್ಬೇಡಿ!" ಎಂದು ಅವನು ಟಿಕೆಟ್ ಚೀಲವನ್ನೇ ಮುಖಕ್ಕೆ ಹಿಡಿದುಕೊಂಡ.

ಇಪ್ಪತ್ತು ನಿಮಿಷದ ಮೇಲೆ ಅದೇ ಬಸ್ಸು ವಾಪಸು ಹೊರಟಿತು. ಈ ಸಲ ಕಾದಂಬರಿಕಾರ್ತಿ ಜೋರಾಗಿ ಓದಿದಳು, ಡ್ರೈವರನಿಗೂ ಕೇಳುವ ಹಾಗೆ. ಕೊನೆಯ ಮೂರು ಪುಟ ಬಂದಾಗ ಹಿಂದಿನ ಸೀಟಿನವರು ಮುಂದೆ ಬಂದು ನಿಂತಿದ್ದರು. ಕೇಳುವವರ ಮುಖ ನೋಡುವ ಖುಷಿಯಲ್ಲಿ ಕಂಡಕ್ಟರ್ ಗ್ರಂಥಾಲಯದ ಸ್ಟಾಪನ್ನು ಕೂಗುವುದನ್ನೇ ಮರೆತ. ಪತ್ತೇದಾರ ಬಾಗಿಲು ಮುಚ್ಚಿ, ನಿಧಾನಕ್ಕೆ ಡಾಕ್ಟರರ ಕಡೆ ತಿರುಗಿದ.

"ಹೇಳಲಿಲ್ವಾ!" ದರ್ಜಿ ಎದ್ದು ನಿಂತು ಕುಣಿದೇಬಿಟ್ಟಳು. ಇಡೀ ಬಸ್ಸು ಚಪ್ಪಾಳೆ ತಟ್ಟಿತು. ಸೋತ ಕಾದಂಬರಿಕಾರ್ತಿಗೆ ಯಾಕೋ ನಗು ಉಕ್ಕಿತು, ಹೊಟ್ಟೆ ಹುಣ್ಣಾಗುವಷ್ಟು.

ಭಾಷಣಕ್ಕೆ ತಡವಾಯಿತೆನ್ನುತ್ತ ಕಾದಂಬರಿಕಾರ್ತಿ ಇಳಿದಳು, ದರ್ಜಿಯೂ ಜೊತೆಗೇ ಇಳಿದು ಇಬ್ಬರೂ ಎರಡು ಸ್ಟಾಪು ಹಿಂದಕ್ಕೆ ಓಡಿದರು. "ಕೋಟು ತಲುಪಿಸೋದು?" ಎಂದು ಕೇಳಿದರೆ, "ಆ ಮನುಷ್ಯ ಹಾಕ್ಕೊಳ್ಳೋದು ನಾಳೆ. ನಿಮ್ಮ ಭಾಷಣ ಇವತ್ತೇ ತಾನೇ?" ಅಂದಳು ದರ್ಜಿ.

ಗ್ರಂಥಪಾಲಕರು ಬಾಗಿಲಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ಐದು ದಾಟಿತ್ತು. ಮೂವತ್ತು ಜನ ಇನ್ನೂ ಕೂತೇ ಇದ್ದರು. ಕಾದಂಬರಿಕಾರ್ತಿ ವೇದಿಕೆ ಹತ್ತಿ, ಏದುಸಿರು ಬಿಡುತ್ತ ಪಟ್ಟಿ ಹೊರತೆಗೆದು ನೋಡಿದಳು. ಸುಳ್ಳು ಹೇಳಲು ಉಸಿರೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

"ಮೂರು ತಿಂಗಳಲ್ಲಿ ಐವತ್ತೆಂಟು ಕೊಲೆ," ಅಂದಳು. "ಇವತ್ತಿನದು ಬಸ್ಸಲ್ಲಿ ಆಯ್ತು. ತಡವಾಗಿದ್ದಕ್ಕೆ ಅದೇ ಕಾರಣ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಅವಳು ಒಂದೂವರೆ ಗಂಟೆ ಮಾತಾಡಿದಳು. ನಿಘಂಟಿನ ಏಟನ್ನು ಕೈ ಬೀಸಿ ತೋರಿಸಿದಳು. ಗ್ರಂಥಪಾಲಕರು ತಾವೂ ಇಂಥವನ್ನೇ ಓದುವುದೆಂದೂ, ಕೊನೆಯ ಪುಟವನ್ನು ಮೊದಲು ನೋಡಿಬಿಡುವುದೆಂದೂ ಒಪ್ಪಿಕೊಂಡರು. ಸಭೆ ಅವರನ್ನು ಛೀಮಾರಿ ಹಾಕಿ ಕೂರಿಸಿತು.

ಕೊನೆಗೆ ದರ್ಜಿ ಕೈ ಎತ್ತಿದಳು. "ನೀವೂ ಬರೀತೀರಂತೆ. ನಿಮ್ಮ ಪುಸ್ತಕ ಓದಿದ್ರೆ ಸ್ಟಾಪು ತಪ್ಪತ್ತಾ?"

"ಇಲ್ಲ," ಅಂದಳು ಕಾದಂಬರಿಕಾರ್ತಿ. "ನಿದ್ದೆ ಬಂದ್ರೆ ತಪ್ಪಬಹುದು."

ಮರುದಿನ ಬೆಳಿಗ್ಗೆ ಅವಳು ಆರನೇ ಕಾದಂಬರಿಯನ್ನು ಕಪಾಟಿನಲ್ಲಿಟ್ಟು, ಬಿಳಿ ಹಾಳೆ ತೆಗೆದು, ಎರಡನೇ ಪುಟದಲ್ಲೇ ಒಬ್ಬನನ್ನು ಕೊಂದಳು. ಹೇಗೆ ಕೊಂದದ್ದು ಎಂಬುದು ಮಾತ್ರ ಹೊಳೆಯಲಿಲ್ಲ. ಹತ್ತು ಗಂಟೆಗೆ ದರ್ಜಿಯ ಅಂಗಡಿಯಲ್ಲಿದ್ದಳು.

"ಕತ್ತರಿಲಿ ಮೂರು ಥರ ಮಾಡಬಹುದು," ಎಂದು ದರ್ಜಿ ಉತ್ಸಾಹದಿಂದ ಕತ್ತರಿ ಎತ್ತಿಕೊಂಡಳು. ಕನ್ನಡಿಯ ಮುಂದೆ ಹೊಸ ಕೋಟು ತೊಟ್ಟು ನೋಡುತ್ತಿದ್ದ ಗಿರಾಕಿ ಬೆವರತೊಡಗಿದ.

"ನೀವು ಅಲ್ಲಾಡಬೇಡಿ ಸಾರ್," ಅಂದಳು ದರ್ಜಿ, "ಇವರಿಗೆ ತೋರಿಸಿ ಬಂದೆ."