ಇಥಿಯೋಪಿಯಾದ ಪ್ರತಿನಿಧಿ

ಕೊಲ್ಲಿ ದೇಶದ ಈಸಾ ಟೌನಿನ ಶಾಲೆಯಲ್ಲಿ ನಡೆದ ಅಣಕು ಅಧಿವೇಶನದಲ್ಲಿ ತನ್ವಿಗೆ ಸಿಕ್ಕಿದ್ದು ಇಥಿಯೋಪಿಯಾ. ಇಸವಿ ೧೯೩೬, ಊರು ಜಿನೀವಾ, ಸಭೆ ಲೀಗ್ ಆಫ್ ನೇಷನ್ಸ್. ಮೊದಲ ಮಹಾಯುದ್ಧದ ಹೆಣಗಳನ್ನು ಕಂಡು ಬೆಚ್ಚಿದ ದೇಶಗಳು ಒಟ್ಟಾಗಿ ಕಟ್ಟಿಕೊಂಡ ಸಂಸ್ಥೆ ಅದು. ಒಬ್ಬರ ಮೇಲೆ ಯಾರಾದರೂ ಕೈಮಾಡಿದರೆ ಎಲ್ಲರೂ ಅಡ್ಡ ನಿಲ್ಲುತ್ತೇವೆ ಎಂದು ಸಹಿ ಹಾಕಿದ್ದವು. ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ಇಟಲಿಗೆ ಹೋಗುವ ಹಲವು ಸರಕುಗಳನ್ನು ನಿಲ್ಲಿಸಿದವು. ಇಟಲಿ ವಿಮಾನಗಳಿಂದ ವಿಷಾನಿಲ ಸುರಿದಾಗಲೂ ಪೆಟ್ರೋಲನ್ನು ಮಾತ್ರ ನಿಲ್ಲಿಸಲಿಲ್ಲ.

ಹನ್ನೊಂದನೇ ಕ್ಲಾಸಿನ ತನ್ವಿ ಭಾಷಣಕ್ಕೆ ಬೇಕಾದ ಜೀವವನ್ನು ಬುಸೈತೀನಿನ ತನ್ನ ಮನೆಯ ಅಡುಗೆಮನೆಯಿಂದಲೇ ತಂದಳು. ಮನೆಗೆಲಸದ ಝೆನೇಬು ಇಥಿಯೋಪಿಯಾದವಳು. ಅವಳ ಅಜ್ಜ ಚಿಕ್ಕವನಿದ್ದಾಗ ದನ ಕಾಯುತ್ತಿದ್ದನಂತೆ. ವಿಮಾನದಿಂದ ಉದುರಿದ್ದನ್ನು ಮಳೆ ಅಂದುಕೊಂಡು ಅಂಗಿ ತೆಗೆದು ನಿಂತನಂತೆ. ತನ್ವಿ ಇದನ್ನು ಹೇಳಿದಾಗ ತೀರ್ಪುಗಾರರು ಪೆನ್ನು ಕೆಳಗಿಟ್ಟು ಕೇಳಿದರು. ಮೊದಲ ಬಹುಮಾನ ಬಂತು. ಫೈನಲ್ ದುಬೈಯಲ್ಲಿ.

ಈ ಕತೆಗೆ ಬದಲಾಗಿ ಝೆನೇಬು ಒಂದೇ ಕೇಳಿದ್ದಳು. ಹನ್ನೆರಡು ದಿನದ ಹಿಂದೆ ಅವಳ ತಾಯಿ ತೀರಿಕೊಂಡಿದ್ದಳು. ಮಣ್ಣಿಗೆ ಹೋಗಲಾಗಲಿಲ್ಲ. ನಲವತ್ತನೇ ದಿನ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿ ಊರಿಗೆ ಊಟ ಹಾಕಬೇಕು, ಮಗಳು ಇರಲೇಬೇಕು.

"ಪಾಸ್‌ಪೋರ್ಟ್ ಸಾರ್ ಹತ್ರ ಇದೆ. ನೀನು ಕೇಳು ತನ್ವಿ."

"ಕೇಳ್ತೀನಿ. ಪ್ರಾಮಿಸ್."

ಕೆಲಸದವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ತನ್ವಿಯ ಅಪ್ಪ ಯಶವಂತನಿಗೆ ಗೊತ್ತಿತ್ತು. ಸೇಫಾಗಿರಲಿ ಅಂತ ಎನ್ನುತ್ತಿದ್ದ.

ಆ ಮನೆಯಲ್ಲಿ ಎಲ್ಲ ತೀರ್ಮಾನವೂ ಶುಕ್ರವಾರದ ಊಟಕ್ಕೆ ಕೂತಾಗ. ನಾಲ್ವರಲ್ಲಿ ಒಬ್ಬರು ಬೇಡ ಅಂದರೂ ಆ ಕೆಲಸ ಇಲ್ಲ. ಈ ಪದ್ಧತಿಯ ಬಗ್ಗೆ ಯಶವಂತನಿಗೆ ಹೆಮ್ಮೆಯಿತ್ತು. ತನ್ವಿ ವಿಷಯ ಎತ್ತಿದಳು.

"ಹಿಂದೆ ಇದ್ದವಳು ಹದಿನೈದು ದಿನ ಅಂತ ಹೋದಳಲ್ಲ, ಬಂದಳಾ?" ಎಂದಳು ತಾಯಿ ಚಿತ್ರಾ.

ಸೊಂಟದ ಆಪರೇಷನ್ ಆಗಿದ್ದ ಅಜ್ಜಿ ಚಂದ್ರಮ್ಮ ತುತ್ತು ನುಂಗಿ ಹೇಳಿದರು. "ತಾಯಿ ಕೆಲಸಕ್ಕೆ ಬೇಡ ಅನ್ನಬಾರದು ಕಣೇ. ಕಳಿಸ್ರಿ. ನನ್ನನ್ನ ಬಚ್ಚಲಿಗೆ ಎತ್ಕೊಂಡು ಹೋಗೋಕೆ ಯಾರಾದ್ರೂ ಇದ್ರೆ ಸಾಕು."

"ನಂದೂ ಯೆಸ್," ಎಂದ ಯಶವಂತ. ತನ್ವಿಗೆ ಆಶ್ಚರ್ಯವಾಯಿತು. "ಬೆಳಗ್ಗೆ ನಾನು ಮನೆಯಿಂದಲೇ ಕೆಲಸ ಮಾಡ್ತೀನಿ. ಮಧ್ಯಾಹ್ನದ ಮೇಲೆ ಅಜ್ಜಿ ಜವಾಬ್ದಾರಿ ನಿಂದು ಪುಟ್ಟಾ. ಮೂರು ವಾರ."

"ಹಂಗಾದ್ರೆ ನಂದೂ ಯೆಸ್," ಎಂದಳು ಚಿತ್ರಾ, ತಟ್ಟೆಯಿಂದ ತಲೆ ಎತ್ತದೆ.

"ನಲವತ್ತನೇ ದಿನ ಬರೋದೂ ಫೈನಲ್ ಇರೋದೂ ಒಂದೇ ವಾರ," ಎಂದಳು ತನ್ವಿ.

"ಹೌದು. ದುಬೈ ಬಿಡಬೇಕಾಗುತ್ತೆ."

"ಫೈನಲ್ ಮುಗಿಸಿ ಬಂದ್ಮೇಲೆ ಕಳಿಸಬಹುದಲ್ವಾ?"

"ಅಷ್ಟೊತ್ತಿಗೆ ಅವಳು ಹೋಗಿ ಏನ್ ಮಾಡ್ತಾಳೆ?" ಎಂದರು ಚಂದ್ರಮ್ಮ.

"ಮೂರು ಯೆಸ್ ಆಯ್ತು ಪುಟ್ಟಾ. ನೀನು ಹೇಳು," ಎಂದ ಯಶವಂತ. ಅವನ ಮುಖದಲ್ಲಿ ನಗುವಿತ್ತು. ಮಗಳು ಏನು ಹೇಳುತ್ತಾಳೆಂದು ತಿಳಿದೇ ಅವನು ಧಾರಾಳಿಯಾಗಿದ್ದ.

ಝೆನೇಬು ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷ ಅಜ್ಜಿಯ ಜೊತೆಗಿದ್ದವಳಿಗೆ ಇಷ್ಟು ಕನ್ನಡ ಅರ್ಥವಾಗುತ್ತಿತ್ತು.

"ನಾನು ಅಲ್ಲಿ ಮಾತಾಡೋದು ಅವಳ ದೇಶದ ಪರವಾಗೇ ಅಲ್ವಾ?" ಎಂದಳು ತನ್ವಿ. ತಟ್ಟೆಯ ಅನ್ನ ಕಲಸಿದಳು. "ಈಗ ಬೇಡ."

"ಸರಿ. ಮೊಸರು ತಗೊಂಡು ಬಾ ಝೆನೇಬು," ಎಂದಳು ಚಿತ್ರಾ.

ಊಟವಾದ ಮೇಲೆ ದುಬೈ ವೀಸಾಕ್ಕೆ ಪಾಸ್‌ಪೋರ್ಟಿನ ಪ್ರತಿ ಬೇಕಾಗಿತ್ತು. ಕೈ ತೊಳೆಯುತ್ತಿದ್ದ ಯಶವಂತ ಬೀರುವಿನ ಕೀ ಕೊಟ್ಟ. ಒಳಗೆ ಮೇಲಿದ್ದ ಪಾಸ್‌ಪೋರ್ಟ್ ಝೆನೇಬುವಿನದು. ತನ್ವಿ ಅದನ್ನು ಎತ್ತಿ, ಕೆಳಗಿದ್ದ ತನ್ನದನ್ನು ತೆಗೆದುಕೊಂಡು, ಝೆನೇಬುವಿನದನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿದಳು.