ಅಳಿಯನೇ ಹೇಳಬೇಕಾದ ಸುದ್ದಿ

ಗುಂಡಿ ಕೈಗೆ ಸಿಗುತ್ತಿಲ್ಲ, ಬಿಳಿ ಶರಟಿನ ಕತ್ತಿನ ಗುಂಡಿ, ಎಂಬತ್ತೇಳರ ಬೆರಳಿಗೆ ಇಷ್ಟು ಚಿಕ್ಕದನ್ನು ಹೊಲಿದಿಟ್ಟವನಿಗೆ ಏನನ್ನಬೇಕು, ಹಾಳಾಗಲಿ, ಎನೋಸಾ ಇವತ್ತು ಯಾರ ಮೇಲೂ ಸಿಟ್ಟಾಗಲಾರ, ಸಿಕ್ಕಿದ, ಸೈಲಸ್ ಸಿಕ್ಕಿದ, ಹೆಂಡತಿಯ ಅಣ್ಣ, ಯುದ್ಧಕ್ಕೆ ಹೋಗಿ ಕಾಣೆಯಾದವನು, ಎಪ್ಪತ್ತೆರಡು ವರ್ಷ ನ್ಯೂಗಿನಿಯ ಹೊಳೆಯ ಕೆಸರಿನಲ್ಲಿ ಮಲಗಿದ್ದವನು — ಕ್ಯಾನ್‌ಬೆರಾದಿಂದ ಸೇನೆಯ ಹುಡುಗಿ ಫೋನಿನಲ್ಲಿ ಹೇಳಿದಳಲ್ಲ, ಅಲ್ಲಿ ಸಿಕ್ಕ ಮೂಳೆಗೂ ಜಿಪೋರಾ ಅವರು ಪರೀಕ್ಷೆಗೆ ಕೊಟ್ಟ ಎಂಜಲಿಗೂ ಹೊಂದಿಕೆಯಾಗಿದೆ, ಅನುಮಾನವೇ ಇಲ್ಲ, ಆದರೆ ಹೇಳಿದ್ದು ಯಾರಿಗೆ, ಹೆಂಡತಿ ಜಿಪೋರಾಳಿಗೇ, ನೇರ ಕಿವಿಗೆ! ಪಾಪ, ಆ ಹುಡುಗಿಗೇನು ಗೊತ್ತು, ಈ ಬಡು ದ್ವೀಪದಲ್ಲಿ ಸಾವಿನ ಸುದ್ದಿಯನ್ನು ಒಡಹುಟ್ಟಿದವರಿಗೆ ಕಂಡಕಂಡವರು ಹೇಳುವಂತಿಲ್ಲ, ಆ ಮನೆಯ ಅಳಿಯ ಹೇಳಬೇಕು, ಮರಿಗೆತ್ ಅಂದರೆ ಅವನೇ, ಸುದ್ದಿ ತರುವವನು, ಮಣ್ಣು ಮಾಡುವವನು, ಗೋರಿಗೆ ಕಲ್ಲು ನಿಲ್ಲಿಸುವವನು — ಎನೋಸಾ ಧಡಕ್ಕನೆ ಫೋನು ಕಸಿದು ತಾನೇ ಕೇಳಿಸಿಕೊಂಡ, ಅವಳೋ ಮಹಾ ಸಾಧ್ವಿ, ನಂಗೇನೂ ಕೇಳಿಸ್ಲಿಲ್ಲಪ್ಪ, ಕಿವಿ ಮಂದ, ಯಾರೋ ಏನೋ ಮಾರೋರಿರ್ಬೇಕು, ನೀನ್ ಹೋಗು ಮುದ್ಕ, ಬಿಳೀ ಶರ್ಟು ಹಾಕ್ಕೊಂಡು ಮುಂಬಾಗ್ಲಿಂದ ಬಾ, ಚಡ್ಡೀಲಿ ನಿಂತು ಹೇಳೋ ಮಾತಾ ಅದು, ಅಂದಳು, ಮುಖ ಕಲ್ಲಿನಂತೆ ಗಂಭೀರ, ಆದರೆ ಕುರ್ಚಿಯ ಕೆಳಗೆ ಕಾಲಿನ ಹೆಬ್ಬೆರಳು ಚಾಪೆಯ ಮೇಲೆ ಟಪ್ ಟಪ್ ಬಡಿಯುತ್ತಿತ್ತು.

ಹಿತ್ತಿಲಿನಲ್ಲಿ ನಿಲ್ಲಿಸಿದ ದೋಣಿಯನ್ನು ಸುತ್ತಿ ಮುಂಬಾಗಿಲಿಗೆ, ತನ್ನ ಮನೆಗೇ ನೆಂಟನಂತೆ, ನಗು ತಡೆಯಲಾಗುತ್ತಿಲ್ಲ, ತಡಿ ಎನೋಸಾ, ಸಾವಿನ ಸುದ್ದಿ ಒಯ್ಯುತ್ತಿದ್ದೀಯ — ನೆನಪಿರ್ಲಿ ಅಳಿಯಂದ್ರೇ, ಸೈಲಸನ ಕೆಲ್ಸ ನಿಮ್ದೇ, ಮದುವೆಯ ದಿನ ಮಾವ ಅಂದಿದ್ದ, ಆದರೆ ಕಾಣೆಯಾದವನಿಗೆ ಏನು ಕೆಲಸ, ಸತ್ತ ಎಂದು ಹೇಳುವಂತಿಲ್ಲ, ಬದುಕಿದ್ದಾನೆ ಎನ್ನುವಂತಿಲ್ಲ, ಕಲ್ಲಿಲ್ಲ, ಕಲ್ಲಿನ ಮೇಲಿನ ಬಟ್ಟೆ ಸರಿಸಿ ದುಃಖ ಮುಗಿಸುವ ಹಬ್ಬವಿಲ್ಲ, ಊರವರ ಹಬ್ಬಗಳಲ್ಲೆಲ್ಲ ಜಿಪೋರಾ ಆಮೆ ಮಾಂಸ ಬೇಯಿಸುತ್ತಾಳೆ, ಬಡಿಸುತ್ತಾಳೆ, ಡೋಲು ಶುರುವಾದರೆ ಕಾಲು ಮಡಚಿ ಕೂತುಬಿಡುತ್ತಾಳೆ, ಅಣ್ಣನ್ ಕಲ್ಲು ತೆರೆಯೋವರ್ಗೂ ನಾನ್ ಕುಣಿಯಲ್ಲ, ಮದುವೆಯಾಗಿ ಅರವತ್ತೊಂದು ವರ್ಷ, ಎನೋಸಾ ತನ್ನ ಹೆಂಡತಿ ಕುಣಿದದ್ದು ನೋಡೇ ಇಲ್ಲ, ಅಣ್ಣ ತಂಗಿ ಕುಣಿದರೆ ಸಮುದ್ರದಂಡೆಯ ಮರಳು ಏಳುತ್ತಿತ್ತು ಎಂದು ಅತ್ತೆ ಹೇಳಿದ್ದನ್ನು ಕೇಳಿ ಹೊಟ್ಟೆ ಉರಿಸಿಕೊಂಡದ್ದಷ್ಟೇ, ಇನ್ನು ನೋಡುತ್ತಾನೆ, ಕಪ್ಪು ಕಲ್ಲೇ ತರಿಸುತ್ತಾನೆ, ಹೂ ಬಟ್ಟೆ ಸುತ್ತುತ್ತಾನೆ, ಹಬ್ಬಕ್ಕೆ ಎರಡು ಆಮೆ ಎಲ್ಲಿ ಸಾಲುತ್ತದೆ — ಬಾಗಿಲು ತಟ್ಟಿದ. ಯಾರದು? ನಾನು. ನಾನು ಅಂದ್ರೆ? ಎಂಥಾ ಹೆಂಗಸಪ್ಪಾ, ಎನೋಸಾ, ಈ ಮನೆ ಅಳಿಯ. ಹಂಗೆ ಬಾ ದಾರೀಗೆ, ಒಳಗ್ ಬಾ, ಗುಂಡಿ ಹಾಕ್ಕೋ ಮೊದ್ಲು. ಒಳಗೆ ಅವಳು ಕೈಕಟ್ಟಿ ಕೂತಿದ್ದಾಳೆ, ತಲೆ ಬಾಚಿದ್ದಾಳೆ, ಕಾಲ್ಬೆರಳು ಟಪ್ ಟಪ್, ಮಾತು ಮರೆತೇಹೋಯಿತು, ನೆನಪಾಯಿತು, ಜಿಪೋ, ನಿಮ್ಮಣ್ಣ ಸೈಲಸ್ ತೀರ್ಕೊಂಡ, ಬೆರಳು ನಿಂತಿತು, ಅಯ್ಯೋ ಅಣ್ಣಾ, ಹನ್ನೆರಡು ವರ್ಷದ ಹುಡುಗಿಯ ದನಿ ಎಂಬತ್ನಾಲ್ಕರ ಬಾಯಲ್ಲಿ, ಅಳು, ಅತ್ತುಬಿಡು, ಅವನೂ ಅಳುತ್ತಿದ್ದಾನೆ, ಇಷ್ಟು ಸಂತೋಷದಿಂದ ಎಂದೂ ಅತ್ತಿರಲಿಲ್ಲ, ಕಣ್ಣು ಮಂಜಾಗಿ ಏನೂ ಕಾಣುವುದಿಲ್ಲ, ಬೆರಳೊಂದೇ, ಚಾಪೆಯ ಮೇಲೆ, ನಿಂತಿದ್ದದ್ದು ಮತ್ತೆ, ಟಪ್, ಅಳುತ್ತಲೇ, ಟಪ್, ಡೋಲಿನ ತಾಳಕ್ಕೆ, ಆ ಬೆರಳು